ಕಾಗದದ ಮೇಲಿನ ಪಾದ

ನನ್ನ ತಂಗಿ ಮಾರ್ವಾ ಪಿನ್ನಕ್ ಹಾಡಿದ ಆ ಒಂದು ಹಾಡು ಕೇಳಿ ಅತ್ತವರು ಈ ದೇಶದಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ನಾನು ಅಳಲಿಲ್ಲ, ನನಗೆ ಮೈ ಉರಿಯಿತು. ಹೊಟ್ಟೆಕಿಚ್ಚು ಅಂತ ನಮ್ಮ ಬಡಾವಣೆ ಹ್ಯಾಂಡ್ಸ್‌ವರ್ತ್‌ನ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ. ಆಡಿಕೊಂಡವರೆಲ್ಲ ಶನಿವಾರ ನನ್ನ ಅಂಗಡಿಗೇ ಬಂದು ನನ್ನ ಕೈಗೇ ತಲೆ ಕೊಡಬೇಕಿತ್ತು.

ನನ್ನದು ಹೆಂಗಸರ ಕೂದಲು ನೋಡುವ ಅಂಗಡಿ. ಬರ್ಮಿಂಗ್‌ಹ್ಯಾಮಿನಲ್ಲಿ ಒಂದೇ ಬೀದಿಯಲ್ಲಿ ಮೂವತ್ತೊಂಬತ್ತು ವರ್ಷ ನಡೆಸಿದೆ. ಮಾರ್ವಾಳ ಬದುಕನ್ನು ಪತ್ರಿಕೆಯವರು ಅವಳ ರೆಕಾರ್ಡುಗಳ ಸಾಲು ಹಿಡಿದು ಬರೆದಿದ್ದಾರೆ. ನನಗೆ ಅದೆಲ್ಲ ಅವಳ ತಲೆಯ ಮೇಲೆಯೇ ಓದಲು ಸಿಗುತ್ತಿತ್ತು. ಚರ್ಚಿನಲ್ಲಿ ಹಾಡುತ್ತಿದ್ದಾಗ ಎಂಟು ಬಿಗಿ ಜಡೆ, ಹೆಣೆದವಳು ನಾನೇ. ಹದಿನೇಳಕ್ಕೆ ಕ್ಲಬ್ಬಿನಲ್ಲಿ ಸೋಲ್ ಸಂಗೀತ ಹಾಡಲು ಹೋಗಿ ಪಾಸ್ಟರ್ ಕೆಂಗಣ್ಣಿಗೆ ಬಿದ್ದಾಗ, ಬಿಸಿ ಬಾಚಣಿಗೆಯಲ್ಲಿ ನೇರ ಮಾಡಿಸಿಕೊಂಡ ಕೂದಲು. ಲಂಡನ್ನಿನ ರೆಕಾರ್ಡು ಕಂಪನಿ ಅವಳನ್ನು ಸೇರಿಸಿಕೊಂಡ ಮೇಲೆ ಎಣ್ಣೆ ತೊಟ್ಟಿಕ್ಕುವ ಗುಂಗುರು. ಆ ವರ್ಷ ಅಮ್ಮನ ಸೋಫಾದ ಮೇಲಾದ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮೊದಲಿನ ಎರಡು ರೆಕಾರ್ಡು ಯಾರೂ ಕೇಳಲಿಲ್ಲ. ಮೂರನೆಯದರಲ್ಲಿ ಆ ಹಾಡಿತ್ತು.

ಹಾಡಿನಲ್ಲಿದ್ದದ್ದು ಇಷ್ಟು. ಜಮೈಕಾದಲ್ಲಿ ಒಬ್ಬ ಹುಡುಗಿ. ಅಮ್ಮ ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ಇಂಗ್ಲೆಂಡಿನ ಹಡಗು ಹತ್ತಿದಾಗ ಅವಳಿಗೆ ಮೂರು ವರ್ಷ. ಅಮ್ಮ ವರ್ಷಕ್ಕೊಂದು ಜೊತೆ ಬೂಟು ಕಳಿಸುತ್ತಾಳೆ. ಅಳತೆಗೆಂದು ಅಜ್ಜಿ ಹುಡುಗಿಯನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆದು, ಆ ಕಾಗದವನ್ನು ಅಂಚೆಗೆ ಹಾಕುತ್ತಾಳೆ. ಬಿಟ್ಟುಹೋದ ಮಕ್ಕಳಿಗೆಲ್ಲ ನಮ್ಮಲ್ಲಿ ಹಾಗೇ ಮಾಡುತ್ತಿದ್ದದ್ದು. ಎಂಟು ವರ್ಷವಾದಾಗ ಹುಡುಗಿ ಒಂದು ಕಿತಾಪತಿ ಮಾಡುತ್ತಾಳೆ. ಅಜ್ಜಿ ಲಕೋಟೆ ಹುಡುಕಲು ಒಳಗೆ ಹೋದಾಗ ಗೆರೆ ಅಳಿಸಿ, ಪಾದವನ್ನು ಎರಡು ಬೆರಳು ದೊಡ್ಡದಾಗಿ ಬರೆಯುತ್ತಾಳೆ. ಮಗಳು ಬೆಳೆದುಬಿಟ್ಟಳು, ಇನ್ನು ಕರೆಸಿಕೊಳ್ಳಬಹುದು ಅಂತ ಅಮ್ಮ ಅಂದುಕೊಳ್ಳಲಿ ಎಂದು. ಬರುವುದು ಪ್ರಯಾಣದ ಟಿಕೆಟ್ ಅಲ್ಲ, ದೋಣಿಯಂಥ ಬೂಟು.

ಆ ಹುಡುಗಿ ನಾನು. ಆ ಬೂಟಿಗೆ ಹಳೇ ಪತ್ರಿಕೆ ತುರುಕಿ ಇಡೀ ವರ್ಷ ಹಾಕಿಕೊಂಡವಳು ನಾನು, ಡೆಲ್‌ರೋಸ್.

ಅಮ್ಮ ನನ್ನನ್ನು ಕರೆಸಿಕೊಂಡಾಗ ನನಗೆ ಹನ್ನೊಂದು. ವಿಮಾನ ನಿಲ್ದಾಣದಲ್ಲಿ ಒಬ್ಬ ಹೆಂಗಸು ನನಗೊಂದು ಕೋಟು ಹಿಡಿದು ನಿಂತಿದ್ದಳು. ನಾನು "ನಮಸ್ಕಾರ ಮೇಡಂ" ಅಂದೆ. ಅವಳ ಹಿಂದಿನಿಂದ ಐದು ವರ್ಷದ ಮಾರ್ವಾ ಇಣುಕಿದಳು. ಅವಳು ಇಂಗ್ಲೆಂಡಿನಲ್ಲೇ ಹುಟ್ಟಿ, ಅಮ್ಮನ ಕೈ ಹಿಡಿದುಕೊಂಡೇ ಬೆಳೆದವಳು. ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಕಾಗದದ ಮೇಲೆ ಪಾದ ತಿದ್ದಿದ ಗುಟ್ಟನ್ನು ನಾನು ಹೇಳಿದ್ದು ಅವಳೊಬ್ಬಳಿಗೇ.

ಯಾಕೆ ಬಿಟ್ಟುಹೋದೆ ಅಂತ ಅಮ್ಮನನ್ನು ಒಂದೇ ಸಲ ಕೇಳಿದ್ದೆ, ಹದಿಮೂರರಲ್ಲಿ. ಅವಳು ಇಸ್ತ್ರಿ ಮಾಡುತ್ತಿದ್ದಳು.

"ಹೊಟ್ಟೆಗಿಲ್ದೋರು ಯಾಕೆ ಏನು ಅಂತ ಕೇಳ್ತಾ ಕೂರಲ್ಲ. ಹೋಗು, ಆಲೂಗಡ್ಡೆ ಸುಲಿ."

ಹೋಗಿ ಸುಲಿದೆ. ನನಗೆ ಕಾರಣ ಬೇಕಿರಲಿಲ್ಲ. ಕಾರಣ ನನಗೂ ಗೊತ್ತಿತ್ತು. ತಪ್ಪಾಯ್ತು ಮಗಳೇ ಅನ್ನುವ ಒಂದು ಮಾತು ಬೇಕಿತ್ತು. ಅದೊಂದಕ್ಕೆ ನಾನು ಎಷ್ಟು ವರ್ಷ ಕಾದೆ ಅಂದರೆ, ಕಾಯುವುದೇ ನನ್ನ ಸ್ವಭಾವವಾಯಿತು.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಹಾಡು ಬಂತು. ಟೀವಿಯಲ್ಲಿ ಒಬ್ಬ ಕೇಳಿದ, ಇದು ನಿಮ್ಮದೇ ಅನುಭವವೇ ಅಂತ. ಮಾರ್ವಾ ರೆಪ್ಪೆ ಬಡಿದು, "ಹೂಂ, ಒಂದೊಂದು ಅಕ್ಷರಾನೂ" ಅಂದಳು. ಅಮ್ಮ ಒಲೆಯ ಮುಂದೆ ನಿಂತು ರಾಜ್ಮಾ ಕಾಳಿನ ಅನ್ನಕ್ಕೆ ತೆಂಗಿನ ಹಾಲು ಹುಯ್ಯುತ್ತಿದ್ದಳು. ಅದು ಯಾರ ಕತೆ ಅಂತ ಅಮ್ಮನಿಗೆ ಗೊತ್ತಿಲ್ಲವೇ? ಈಗಲಾದರೂ ತಿರುಗಿ ನನ್ನ ಮುಖ ನೋಡುತ್ತಾಳೆ ಅಂತ ಉಸಿರು ಬಿಗಿ ಹಿಡಿದು ಕೂತೆ.

"ಉಸಿರು ಚೆನ್ನಾಗಿ ಹಿಡೀತಾಳೆ" ಅಂದಳು ಅಮ್ಮ, ಮತ್ತೆ ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಆ ಶನಿವಾರ ಮಿಸ್ ಕೊರಲೀನ್ ಎಂಬ ಹೊಸ ಗಿರಾಕಿ ಕುರ್ಚಿಯಲ್ಲಿ ಕೂತು ಶುರುಮಾಡಿದಳು. "ಪಾಪ, ನಿಮ್ ತಂಗಿ ಎಷ್ಟು ಪಾಡು ಪಟ್ಟಿದಾಳೆ ಮಿಸ್ ಡೆಲ್. ನೀವು ಪುಣ್ಯವಂತ್ರು ಬಿಡಿ, ಅಮ್ಮನ ಮಡಿಲಲ್ಲೇ ಬೆಳ್ದೋರು."

"ತಲೆ ಅಲ್ಲಾಡಿಸ್ಬೇಡಿ ಮಿಸ್ ಕೊರಲೀನ್. ಬಾಚಣಿಗೆ ಬಿಸಿ ಇದೆ. ಕಿವಿ ಸುಟ್ರೆ ನಾಳೆ ಆ ಹಾಡೂ ಕೇಳ್ಸಲ್ಲ."

ಮುಂದಿನ ವಾರ ಮಾರ್ವಾ ಕೂದಲು ಮಾಡಿಸಿಕೊಳ್ಳಲು ಬಂದಾಗ ಅಂಗಡಿಯ ಬಾಗಿಲು ಹಾಕಿದೆ.

"ಯಾರ ಕಾಲೇ ಅದು?"

"ಹಾಡು ಕಣೇ ಡೆಲ್, ಬರೀ ಹಾಡು."

"ಯಾರ ಕಾಲು?"

"ನಿಂದೇ." ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಮೊದ್ಲು 'ಅವಳು' ಅಂತಾನೇ ಬರ್ದಿದ್ದೆ, ದೇವ್ರಾಣೆ. ಹಾಡ್ದೆ. ಕಂಪನಿಯೋರು ಆಕಳಿಸ್ತಾ ಕೂತಿದ್ರು. ಆಮೇಲೆ 'ನಾನು' ಅಂತ ಹಾಡ್ದೆ. ಒಬ್ಬ ಎದ್ದು ಹೊರಗೆ ಹೋಗಿ ಅತ್ಕೊಂಡು ಬಂದ. ನಾನೇನ್ ಮಾಡ್ಲಿ ಹೇಳು?"

"ಟೀವಿಯವನು ಕೇಳ್ದಾಗ ನಮ್ಮಕ್ಕಂದು ಅನ್ನೋಕೆ ಏನಾಗಿತ್ತು ನಿಂಗೆ?"

"ಹೆದ್ರಿಕೆ ಆಯ್ತು." ಅವಳ ದನಿ ಇಳಿಯಿತು. "ಎಲ್ಲ ಬರ್ದು ನೋಡ್ದೆ ಡೆಲ್. ಜನ ಕೇಳಿದ್ದು ಇದೊಂದನ್ನೇ. ಇದೂ ನಂದಲ್ಲ ಅಂದ್ಬಿಟ್ರೆ ನಾನು ಅಲ್ಲಿ ಯಾರು?"

ಕರುಣೆ ಬರಬೇಕಿತ್ತು, ಬರಲಿಲ್ಲ. "ಬರೋ ತಿಂಗಳು ಇಲ್ಲೇ ಊರಲ್ಲಿ ಹಾಡ್ತೀಯಲ್ಲ. ಅಮ್ಮನ ಎದುರಿಗೆ, ಎಲ್ಲರ ಎದುರಿಗೆ ಹೇಳು. ಇದು ಡೆಲ್‌ರೋಸ್‌ದು ಅಂತ." ಹೇಳುತ್ತೇನೆ ಅಂತ ಮಾತು ಕೊಟ್ಟಳು. ಅಷ್ಟು ಜನರ ಮುಂದೆ ನನ್ನ ಹೆಸರು ಬಂದರೆ ಅಮ್ಮನ ಬಾಯಿಂದ ಆ ಒಂದು ಮಾತು ಹೊರಡಲೇಬೇಕು ಅಂತ ನಾನು ನಂಬಿದ್ದೆ.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಚರ್ಚಿನ ಟೋಪಿ ಹಾಕಿಕೊಂಡು ಅಮ್ಮ, ಪಕ್ಕದಲ್ಲಿ ನಾನು. ಹಾಡಿಗೆ ಮೊದಲು ಮಾರ್ವಾ ಮೈಕಿನ ಹತ್ತಿರ ಬಂದಳು. ನನ್ನನ್ನೇ ನೋಡಿದಳು. "ಇದು ನಮ್ಮಮ್ಮಂಗೆ" ಅಂದಳು, ಹಾಡಿದಳು. ಅನ್ಯಾಯವಾಗಿ ಹೇಳಬಾರದು, ಎಷ್ಟು ಚೆನ್ನಾಗಿ ಹಾಡಿದಳು ಅಂದರೆ ನನ್ನ ಬಾಲ್ಯ ನನಗಿಂತ ಅವಳಿಗೇ ಹೆಚ್ಚು ಗೊತ್ತು ಅನ್ನಿಸಿತು. ಅದಕ್ಕೇ ಇನ್ನೂ ಸಿಟ್ಟು ಬಂತು. ಕೈ ಕೆಸರಾದರೆ ಬಾಯಿ ಮೊಸರಂತೆ. ಕೆಸರು ನನ್ನ ಕೈಗೆ, ಮೊಸರು ಅವಳ ಬಾಯಿಗೆ. ನಾಲ್ಕು ವರ್ಷ ನಾವು ಮಾತಾಡಲಿಲ್ಲ.

ಮತ್ತೆ ಮಾತಾಡಿಸಿದ್ದು ಅವಳ ಉದುರಿದ ಕೂದಲು. ಕಾಲ ಬದಲಾಗಿತ್ತು, ಕಂಪನಿ ಕೈಬಿಟ್ಟಿತ್ತು, ಅವಳು ಸಮುದ್ರ ತೀರದ ಊರುಗಳ ಹೋಟೆಲುಗಳಲ್ಲಿ ಹಳೆಯ ಹಾಡುಗಳ ಸಂಜೆ ಅಂತ ಹಾಡಿಕೊಂಡಿದ್ದಳು. ಹೊಸದಾಗಿ ಬರೆದದ್ದನ್ನು ಯಾರೂ ಕೇಳುತ್ತಿರಲಿಲ್ಲ. ಆ ಹಾಡನ್ನು ಬಿಡುತ್ತಿರಲಿಲ್ಲ. ದನಿ ಇಳಿದಂತೆ ಅದನ್ನೂ ಶ್ರುತಿ ಇಳಿಸಿ ಹಾಡುತ್ತಿದ್ದಳು. ನಾನು ಅವಳಿಗೆ ವಿಗ್ ಕಟ್ಟಿಕೊಟ್ಟೆ. ಸಿಟ್ಟು ಹೋಗಿರಲಿಲ್ಲ, ಆದರೆ ತಂಗಿ ಬೋಳುತಲೆಯಲ್ಲಿ ವೇದಿಕೆ ಹತ್ತುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಎಂಬತ್ತು ದಾಟಿದ ಮೇಲೆ ಅಮ್ಮನಿಗೆ ಮರೆವು ಹತ್ತಿತು. ಅಂಗಡಿ ಮುಚ್ಚಿ ನನ್ನ ಮನೆಗೇ ಕರೆತಂದೆ. ಬೆಳಿಗ್ಗೆ ಜೋಳದ ಹಿಟ್ಟಿನ ಗಂಜಿ, ಸ್ನಾನ, ಜಡೆ, ಎಲ್ಲ ನನ್ನ ಕೈಯಲ್ಲೇ. ಚಮಚ ಯಾವುದು ಕತ್ತರಿ ಯಾವುದು ಅನ್ನುವುದು ಅವಳಿಗೆ ಮರೆತಿತ್ತು, ಹಾಡು ಮರೆತಿರಲಿಲ್ಲ. ಮಾರ್ವಾ ಪ್ರತಿ ಭಾನುವಾರ ಬಂದು ಅಮ್ಮನ ಕಾಲ ಬಳಿ ಕೂತು ಆ ಹಾಡು ಹಾಡುವಳು. ಅದೊಂದಕ್ಕೇ ಅಮ್ಮ ಸಮಾಧಾನವಾಗುತ್ತಿದ್ದದ್ದು. "ಇನ್ನೊಂದ್ಸಲ" ಅನ್ನುವಳು. ಎರಡು ವರ್ಷ ಹೀಗೇ ನಡೆಯಿತು.

ಹೋದ ಮಾರ್ಚ್ ತಿಂಗಳಿನ ಒಂದು ಮಧ್ಯಾಹ್ನ ನಾನು ಅಮ್ಮನ ಹಿಂದೆ ನಿಂತು ನೆತ್ತಿಗೆ ಎಣ್ಣೆ ಹಚ್ಚುತ್ತಿದ್ದೆ. ಹಾಡು ಮುಗಿದಿತ್ತು. ಅಮ್ಮ ಇನ್ನೊಂದ್ಸಲ ಅನ್ನಲಿಲ್ಲ. ಬಾಗಿ ಮಾರ್ವಾಳ ಎರಡೂ ಕೈ ಹಿಡಿದಳು.

"ನಿನ್ನ ಬಿಟ್ಟು ಬಂದ್ನಲ್ಲೇ ಮಗಳೇ. ಎಂಟು ವರ್ಷ. ಅಷ್ಟು ಪುಟ್ಟ ಮಗೂನ. ತಪ್ಪಾಯ್ತು ಕಣಮ್ಮ. ನನ್ನ ಕ್ಷಮಿಸ್ತೀಯಾ?"

ಎಣ್ಣೆಯ ಬಟ್ಟಲು ನನ್ನ ಕೈಯಲ್ಲೇ ಇತ್ತು. ಅದನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಮಾರ್ವಾ ಕೈ ಬಿಡಿಸಿಕೊಳ್ಳಲು ನೋಡಿದಳು.

"ನಾನಲ್ಲ ಅಮ್ಮ" ಅಂದಳು. "ಅದು ನಾನಲ್ಲ. ನೀನು ಬಿಟ್ಟು ಬಂದಿದ್ದು ಡೆಲ್‌ನ. ಡೆಲ್ ಇಲ್ಲೇ ಇದಾಳೆ ನೋಡು, ನಿನ್ನ ಹಿಂದೆ."

ಮೂವತ್ತು ವರ್ಷ ತಡವಾಗಿ, ಯಾರೂ ಇಲ್ಲದ ಕೋಣೆಯಲ್ಲಿ, ಕೊಟ್ಟ ಮಾತು ನಡೆಸಿದಳು.

ಅಮ್ಮ ತಿರುಗಿ ನೋಡಲಿಲ್ಲ. ತಪ್ಪು ಹೇಳಿದ ಮಗುವನ್ನು ತಿದ್ದುವ ಹಾಗೆ ನಕ್ಕಳು. "ಡೆಲ್‌ನಾ? ಡೆಲ್ ಯಾವಾಗ್ಲೂ ನನ್ ಜೊತೇನೇ ಇದ್ಳಲ್ಲೇ. ಅವಳ್ನ ನಾನು ಒಂದಿನಾನೂ ಬಿಟ್ಟಿಲ್ಲ." ಆಮೇಲೆ ಆ ನಗು ಹೋಗಿ ಮುಖ ಮತ್ತೆ ಹಿಂಡಿಕೊಂಡಿತು. "ನೀನು ಹೇಳು. ಕ್ಷಮಿಸ್ತೀಯೋ ಇಲ್ವೋ?"

ಮಾರ್ವಾ ಬಾಯಿ ತೆರೆದಳು. ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು, ಆಗಲ್ಲ ಅಂತ. ಅಮ್ಮ ಅವಳ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದಳು. ಹಾಗೆ ಕಾಯುವುದು ಎಂಥದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಜವಾಗಿ ಕ್ಷಮಿಸಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಆದರೆ ಮುದುಕಿಯನ್ನು ಹಾಗೆ ಕೂರಿಸಲು ಮನಸ್ಸಾಗಲಿಲ್ಲ.

"ಕ್ಷಮಿಸಿದೀನಿ ಅಮ್ಮ" ಅಂದೆ, ಅವಳ ತಲೆಯ ಮೇಲಿನಿಂದ.

ಅಮ್ಮ ದೊಡ್ಡ ಉಸಿರು ಬಿಟ್ಟು, ಕೈ ಎತ್ತಿ ಮಾರ್ವಾಳ ಕೆನ್ನೆ ಸವರಿದಳು.