ಕತ್ತೆಕಿವಿ ತಿರುವು ದಾಟಿದ್ದು

ಲಡಾಖಿನಲ್ಲಿ ಲಾರಿ ಓಡಿಸುವವರು ಎರಡೇ ಬಗೆ. ಒಬ್ಬ ನಾನು, ಇನ್ನುಳಿದವರು ನನ್ನನ್ನು ನೋಡಿ ಕಲಿತವರು. ಸೆರ್ಲುಂಗ್ ಘಾಟಿಯ ಮೂವತ್ತೊಂದು ತಿರುವುಗಳನ್ನು ನಾನು ಕಣ್ಣುಮುಚ್ಚಿ ಹತ್ತಿದ್ದೇನೆ. ನೆಗಡಿಯಾಗಿದ್ದಾಗ ಒಂದೊಂದು ತಿರುವಿಗೆ ಒಂದೊಂದು ಸೀನಿನಂತೆ ಮೂವತ್ತೊಂದು ಸಲ ಸೀನುತ್ತ ಹತ್ತಿದ್ದೇನೆ. ನನ್ನ ಹಾರ್ನ್ ಕೇಳಿದರೆ ಹಿಮಚಿರತೆ ಬೇಟೆ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು.

ಅಂಥ ಮೋರುಪ್, ಅಂದರೆ ನಾನು, ಕಳೆದ ವರ್ಷ ಹಿಮ ಬೀಳುವ ಮೊದಲಿನಿಂದ ಲಾರಿಯ ಕೀಲಿ ಮುಟ್ಟಿರಲಿಲ್ಲ. ಇಪ್ಪತ್ತಾರನೆಯ ತಿರುವಿಗೆ ನಮ್ಮಲ್ಲಿ ಕತ್ತೆಕಿವಿ ಎಂದು ಹೆಸರು. ಅಲ್ಲಿ ಮಂಜುಗಡ್ಡೆಯ ಮೇಲೆ ಹಿಂದಿನ ಚಕ್ರ ಜಾರಿ, ಲಾರಿ ಅರ್ಧ ರಸ್ತೆಯಲ್ಲೂ ಅರ್ಧ ಆಕಾಶದಲ್ಲೂ ಮೂರು ದಿನ ತೂಗಾಡಿತು. ಅರ್ಧ ಗಂಟೆ ಎನ್ನುತ್ತಾಳೆ ನನ್ನ ಹೆಂಡತಿ ಪಲ್ಜೆಸ್. ಅವಳು ಅಲ್ಲಿರಲಿಲ್ಲ. ರಸ್ತೆ ಕೆಲಸದವರ ಯಂತ್ರ ಬಂದು ಎಳೆದು ನಿಲ್ಲಿಸಿತು. ಲಾರಿಗೂ ನನಗೂ ಒಂದು ಗೀರೂ ಬೀಳಲಿಲ್ಲ. ಆದರೆ ಅಂದಿನಿಂದ ಚಾಲಕನ ಸೀಟಿಗೆ ಏರಿದರೆ ಸಾಕು, ನನ್ನ ಎರಡೂ ಮೊಣಕಾಲು ನನ್ನನ್ನು ಕೇಳದೆ ಕುಣಿಯುತ್ತಿದ್ದವು. ಊರಿಗೆಲ್ಲ ಗೇರ್‌ಬಾಕ್ಸ್ ಕೆಟ್ಟಿದೆ ಎಂದೆ. ಇಡೀ ಚಳಿಗಾಲ ಗೇರ್‌ಬಾಕ್ಸೇ ಕೆಟ್ಟಿತ್ತು.

ಲಾರಿ ಊರಿನದು, ನನ್ನದಲ್ಲ. ವಸಂತದಲ್ಲಿ ಊರ ಮುಖಂಡ, ನಮ್ಮ ಗೋಬಾ, ಮನೆಗೆ ಬಂದ.

"ಮೋರುಪ್, ಇನ್ನು ಹತ್ತು ದಿನಕ್ಕೆ ಹಿಮ ಸರಿಸಿ ದಾರಿ ಬಿಡ್ತಾರೆ. ಬಿತ್ತನೆ ಆಲೂಗಡ್ಡೆ ಘಾಟಿಯ ಆ ಕಡೆ ಬಂದು ಕೂತಿದೆ. ಮೊದಲ ದಿನ ನೀನು ಹೊರಡದೆ ಇದ್ರೆ ಕೀಲಿ ನವಾಂಗನ ಕೈಗೆ ಕೊಡ್ತೀವಿ. ಆಮೇಲೆ ಅದು ಅವನದೇ."

"ಗೇರ್‌ಬಾಕ್ಸು..."

"ಗೇರ್‌ಬಾಕ್ಸ್ ನಿನ್ನೆ ನಾನೇ ಬಿಚ್ಚಿಸಿ ನೋಡಿದೆ. ಅದು ಆರೋಗ್ಯವಾಗಿದೆ. ಮೋರುಪ್ ಹೇಗಿದಾನೆ ಅಂತ ಅದೇ ನನ್ನ ಕೇಳ್ತು."

ನವಾಂಗ್ ಲಾರಿ ಓಡಿಸುವುದೆಂದರೆ ಚಹಾದಲ್ಲಿ ಬೆಣ್ಣೆ ಕಡೆದ ಹಾಗೆ, ಬರೀ ಕುಲುಕಾಟ. ಆ ಕೈಗೆ ನನ್ನ ಸ್ಟೀರಿಂಗ್! ಆ ದಿನವೇ ಬೆಟ್ಟ ಹತ್ತಿ ಗೊಂಪಕ್ಕೆ, ಅಂದರೆ ನಮ್ಮ ಮಠಕ್ಕೆ, ನನ್ನ ಸೋದರಮಾವ ಸ್ತೋಬ್ಗೈಸ್ ಭಿಕ್ಷುವಿನ ಹತ್ತಿರ ಓಡಿದೆ. ಅವರು ಮೂರು ವರ್ಷ ಗವಿಯಲ್ಲಿ ಕೂತು ಕನಸಿನ ಸಾಧನೆ ಮಾಡಿದವರು. ನಾನು ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ.

"ಅಜಂಗ್ ಲೇ," ನಮ್ಮಲ್ಲಿ ಮಾವನವರೇ ಎನ್ನುವುದು ಹೀಗೆ, "ದಿನಾ ಬೆಳಗಿನ ಜಾವ ಅದೇ ಕನಸು. ಕತ್ತೆಕಿವಿ ಬರುತ್ತೆ, ಲಾರಿ ಬೀಳುತ್ತೆ."

"ಕನಸಿನ ಒಳಗಿದ್ದುಕೊಂಡೇ ಇದು ಕನಸು ಅಂತ ಗುರುತು ಹಿಡಿ. ಹಿಡಿದ್ರೆ ಲಗಾಮು ನಿನ್ನ ಕೈಗೆ ಬರುತ್ತೆ. ಅಲ್ಲಿ ದಾಟಿದ ಮೊಣಕಾಲು ಇಲ್ಲೂ ದಾಟುತ್ತೆ. ಹಗಲೆಲ್ಲ ಏನು ಕಂಡ್ರೂ 'ಇದು ಕನಸು' ಅಂದ್ಕೋತಾ ಇರು. ಬಲಮಗ್ಗುಲಾಗಿ ಮಲಗು, ಸಿಂಹ ಮಲಗೋ ಹಾಗೆ."

"ಸಿಂಹದ ಹಾಗೆ ಮಲಗೋದು ನನಗೆ ಹುಟ್ಟಿನಿಂದಲೇ ಬಂದಿದೆ."

"ಗರ್ಜನೆ ಬಂದಿದೆ, ಗೊರಕೇಲಿ. ಮಲಗೋದು ಇನ್ನು ಕಲಿ."

ಬೇರೆಯವರಿಗೆ ಮೂರು ವರ್ಷ ಹಿಡಿಯುವ ವಿದ್ಯೆ ನನಗೆ ಮೂರು ದಿನದಲ್ಲಿ ಒಲಿಯಿತು. ಮೊದಲ ದಿನ ಕಂಡದ್ದಕ್ಕೆಲ್ಲ ಕನಸು ಎಂದೆ. ಕಲ್ಲು ಕನಸು, ಕತ್ತೆ ಕನಸು, ಪಕ್ಕದ ಮನೆಯ ಡೋಲ್ಕರ್ ಅಜ್ಜಿ ಮಾಡಿನ ಮೇಲೆ ಒಣಹಾಕಿದ್ದ ಗಿಣ್ಣೂ ಕನಸು. ಕನಸಿನ ಗಿಣ್ಣು ತಿಂದರೆ ಯಾರಿಗೇನು ನಷ್ಟ ಎಂದು ಅರ್ಧ ಚೀಲ ತಿಂದೆ. ಅಜ್ಜಿ ಕೋಲು ತಂದಳು. ಕೋಲೂ ಕನಸು ಎಂದುಕೊಂಡೆ. ಬೆನ್ನು ಒಪ್ಪಲಿಲ್ಲ.

ನಾಲ್ಕನೆಯ ಬೆಳಗಿನ ಜಾವ ಕನಸಿನಲ್ಲಿ ಘಾಟಿ ಹತ್ತುತ್ತಿದ್ದಾಗ ಡೀಸೆಲ್ ಮುಳ್ಳಿನ ಮೇಲೆ ಕಣ್ಣು ಬಿತ್ತು. ಅದು ಟ್ಯಾಂಕ್ ತುಂಬಿದೆ ಎಂದು ತೋರಿಸುತ್ತಿತ್ತು. ನಮ್ಮ ಲಾರಿಯ ಮುಳ್ಳು ಹನ್ನೊಂದು ವರ್ಷದಿಂದ ಸೊನ್ನೆಯ ಮೇಲೆ ಸತ್ತು ಮಲಗಿದೆ. ಇದು ಕನಸು ಎಂದು ಥಟ್ಟನೆ ಹೊಳೆಯಿತು. ಮೈಯೆಲ್ಲ ಬೆಳಕಾಯಿತು. ಇನ್ನು ನಾನೇ ಅರಸ ಎಂದುಕೊಂಡು, "ಘಾಟಿಯೇ, ಚಿಕ್ಕದಾಗು" ಎಂದು ಅಪ್ಪಣೆ ಕೊಟ್ಟೆ. ಘಾಟಿ ಕುಗ್ಗಿ ಕುಗ್ಗಿ ಮೇಕೆಯಷ್ಟಾಯಿತು. ಜೊತೆಗೆ ರಸ್ತೆಯೂ ಕುಗ್ಗಿ ನೂಲಿನೆಳೆಯಷ್ಟಾಯಿತು. ಲಾರಿ ಮಾತ್ರ ಲಾರಿಯಷ್ಟೇ ಇತ್ತು. ಬಿದ್ದೆ.

ಮರುದಿನ ಲಾರಿಗೆ ರೆಕ್ಕೆ ಬರಿಸಿದೆ. ಒಂದೊಂದು ರೆಕ್ಕೆಯ ನೆರಳಿಗೆ ಮೂರು ಊರು ಕತ್ತಲಾದವು. ಮೇಲೆ ಹಾರುವಾಗ ಕತ್ತೆಕಿವಿ ಎಲ್ಲಿದೆಯೋ ಎಂದು ಒಮ್ಮೆ ಬಗ್ಗಿ ನೋಡಿದೆ. ಬಿದ್ದೆ, ಈ ಸಲ ಇನ್ನೂ ಎತ್ತರದಿಂದ. ಅದರ ಮರುದಿನ ರಸ್ತೆಯ ಅಂಚಿಗೆ ಕಲ್ಲಿನ ಗೋಡೆ ಏಳಲಿ ಎಂದೆ. ಗೋಡೆ ಎದ್ದಿತು. ಅದರ ನಡುವೆ ಸರಿಯಾಗಿ ನನ್ನ ಲಾರಿಯ ಅಗಲದ ಒಂದು ಬಾಗಿಲೂ ಇತ್ತು.

ಮಾವ ಇದನ್ನೆಲ್ಲ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕನಸು ನೀನು ಬಾಯಲ್ಲಿ ಹೇಳಿದ್ದನ್ನ ಬೇಯಿಸಲ್ಲ ಕಣೋ. ಒಳಗೊಳಗೆ ಏನು ಕಾಯ್ತಾ ಇದೀಯೋ ಅದನ್ನೇ ಬಡಿಸುತ್ತೆ. ರೆಕ್ಕೆ ಕೇಳ್ತೀಯ, ಕಾಯೋದು ಮಾತ್ರ ಬೀಳೋದನ್ನ. ನೆಂಟನ್ನ ಬಾಗಿಲಲ್ಲಿ ಕಾದು ಕೂತು, ಬಂದ ಅಂತ ಅತ್ರೆ? ಆಗೇ ಆಗುತ್ತೆ ಅಂತ ನಿನಗೆ ಎಳ್ಳಷ್ಟೂ ಅನುಮಾನ ಇಲ್ಲದ್ದು ಏನಾದ್ರೂ ಇದ್ಯಾ? ಅದನ್ನ ಜೊತೆಗೆ ಕರ್ಕೊಂಡು ಹೋಗು."

ಇಳಿಯುವ ದಾರಿಯುದ್ದಕ್ಕೂ ಯೋಚಿಸಿದೆ. ನನ್ನಂಥ ಧೀರನಿಗೂ ಅಂಥದ್ದೊಂದು ಸಿಗಲಿಲ್ಲ. ಮನೆಯ ಬಾಗಿಲು ತಳ್ಳಿದೆ.

"ಆ ಕೆಸರು ಬೂಟು ಹಾಕ್ಕೊಂಡು ಒಲೆ ತನಕ ಬಾ, ಚೆನ್ನಾಗಿರುತ್ತೆ" ಎಂದಳು ಪಲ್ಜೆಸ್, ತಿರುಗಿಯೂ ನೋಡದೆ. "ಟೋಪಿ ಎಲ್ಲಿ? ಬೆಟ್ಟದ ಮೇಲೆ ಬಿಟ್ಟು ಬಂದ್ಯಾ? ತಲೆ ಒಂದು ಬಿಟ್ಟು ಬರ್ಲಿಲ್ವಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ನಾಳೆ ಸೂರ್ಯ ಹುಟ್ಟುವ ಬಗ್ಗೆ ನನಗೆ ಕೊಂಚ ಅನುಮಾನವಿದ್ದೀತು, ಪಲ್ಜೆಸ್ ಬಯ್ಯುವ ಬಗ್ಗೆ ಇಲ್ಲ.

ಬೂಟು ಬಿಚ್ಚಿ ಅವಳ ಪಕ್ಕ ಕೂತೆ. "ಗೇರ್‌ಬಾಕ್ಸ್ ಕೆಟ್ಟಿಲ್ಲ" ಎಂದೆ.

"ಗೊತ್ತು. ನಿದ್ದೇಲೂ ನಿನ್ನ ಮೊಣಕಾಲು ನಡುಗುತ್ತೆ. ಈ ಚಳಿಗಾಲ ನಿನ್ನ ಹಾಸಿಗೆ ಒಲೆ ಪಕ್ಕ ಯಾಕೆ ತಂದೆ ಅಂದ್ಕೊಂಡಿದೀಯ?"

ಅವಳು ಹೇಳುವ ಮೊದಲೇ ಒಲೆಗೆ ಬೆರಣಿ ಹಾಕಿದೆ. ಅದೂ ನನ್ನದೊಂದು ದಾಖಲೆಯೇ. ಆಮೇಲೆ, "ನಾಳೆ ನನ್ನ ಕನಸಿಗೆ ಬರ್ತೀಯಾ?" ಎಂದು ಕೇಳಿದೆ.

"ಅಲ್ಲೂ ನಿನ್ನ ಹಿಂದೆ ಅಲೀಬೇಕಾ? ಬರ್ತೀನಿ. ಎಡಗಡೆ ಸೀಟಿನ ಮೇಲಿರೋ ಆ ಎಣ್ಣೆ ಬಟ್ಟೆ ತೆಗೆದಿಡು, ನನ್ನ ನಿಲುವಂಗಿ ಹಾಳಾಗುತ್ತೆ."

ಬಂದಳು. ಮುಳ್ಳು ಟ್ಯಾಂಕ್ ತುಂಬಿದೆ ಎಂದದ್ದೇ ತಡ, ಎಡಗಡೆ ಪಲ್ಜೆಸ್. ಎಣ್ಣೆ ಬಟ್ಟೆಯಿಂದಲೇ ಶುರುಮಾಡಿದಳು. ಹಾರ್ನ್ ಹೊಡಿ, ನಿಧಾನ, ಆ ಕಡೆ ಏನು ನೋಡ್ತೀಯ, ನಿಮ್ಮಣ್ಣನೂ ಹೀಗೇ, ನಿಮ್ಮ ವಂಶವೇ ಹೀಗೆ. ಉತ್ತರ ಕೊಡುವುದರಲ್ಲೇ ನನಗೆ ಸಾಕಾಯಿತು, ಬೀಳುವುದನ್ನು ಕಾಯಲು ಪುರುಸೊತ್ತೇ ಸಿಗಲಿಲ್ಲ. ಕತ್ತೆಕಿವಿ ಯಾವಾಗ ಬಂತೋ ಯಾವಾಗ ಹೋಯಿತೋ, ಘಾಟಿಯ ನೆತ್ತಿಯಲ್ಲಿ ಪ್ರಾರ್ಥನೆಯ ಬಾವುಟಗಳು ಕಂಡವು. ಉಳಿದ ಮೂರು ದಿನವೂ ಅಷ್ಟೇ.

ದಾರಿ ಬಿಟ್ಟ ದಿನ ಊರಿಗೆ ಊರೇ ಲಾರಿಯ ಸುತ್ತ ನೆರೆದಿತ್ತು. ನವಾಂಗ್ ಆಗಲೇ ಕೈಗವಸು ಹಾಕಿಕೊಂಡು ತಯಾರಾಗಿದ್ದ. ಪಲ್ಜೆಸ್ ಬುತ್ತಿ ಹಿಡಿದು ಎಡಗಡೆ ಹತ್ತಿ ಕೂತಳು. ನನ್ನ ಮೊಣಕಾಲು ಕುಣಿಯಲು ಶುರುಮಾಡಿದ್ದವು. ಇನ್ನೇನು ಬಯ್ಗುಳ ಬರುತ್ತದೆ ಎಂದು ಅವುಗಳಿಗೆ ಸಮಾಧಾನ ಹೇಳಿ ಹೊರಟೆ.

ಮೊದಲ ತಿರುವು ಕಳೆಯಿತು, ಮಾತಿಲ್ಲ. ಹತ್ತನೆಯದು, ಇಪ್ಪತ್ತನೆಯದು. ತಿರುಗಿ ನೋಡಿದೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಜಪಮಾಲೆಯನ್ನು ಕೈಗೆ ಸುತ್ತಿಕೊಂಡು ಕೂತಿದ್ದಳು. ಕನಸಿನಲ್ಲಿ ಬಂದವಳು ನಾನು ಕಾದಂತೆ ಇದ್ದಳು. ಇವಳು ನಿಜವಾದ ಪಲ್ಜೆಸ್, ತನ್ನಂತೆ ತಾನಿದ್ದಳು.

"ಬಯ್ಯೇ" ಎಂದೆ.

"ಬಾಯಿ ಒಣಗಿದೆ."

"ನಿನಗೂ ಭಯಾನಾ?"

"ಚಳಿಗಾಲ ಪೂರ್ತಿ ನೀನೊಬ್ಬನೇ ಹೆದರಿದ್ದೆ ಅಂದ್ಕೊಂಡ್ಯಾ? ನೀನು ತೂಗಾಡಿದ ಕಥೇನ ಅಷ್ಟು ಸಲ ಕೇಳಿದವಳು ನಾನು."

ಇನ್ನೇನು ಮಾಡುವುದು? ಆ ಭಯವನ್ನು ಅವಳಿಗೆ ಬಡಿಸಿದವನು ನಾನೇ, ತೆಗೆಯಬೇಕಾದವನೂ ನಾನೇ. "ತೂಗಾಡಿದ್ದು ಮೂರು ದಿನ ಅಲ್ಲ, ನಾಲ್ಕು" ಎಂದೆ.

ಅವಳು ಒಂದು ಕಣ್ಣು ತೆರೆದಳು. "ಅರ್ಧ ಗಂಟೆ."

"ಐದು. ಮೂರನೇ ದಿನ ಹದ್ದು ಬಂದು ನನ್ನ ಟೋಪಿಯಲ್ಲಿ ಮೊಟ್ಟೆ ಇಡ್ತು. ಮರಿ ಆಗಿ ಹಾರಿಹೋಗೋ ತನಕ ನಾನು ತಲೆ ಅಲ್ಲಾಡಿಸಲಿಲ್ಲ."

"ಆ ಟೋಪೀನೇ ಅಲ್ವಾ ಗೊಂಪದಲ್ಲಿ ಬಿಟ್ಟು ಬಂದಿದ್ದು? ಮರಿಗೆ ಚಳಿ ಆಗಲ್ವಾ?" ಎಂದಳು. ಎರಡನೆಯ ಕಣ್ಣೂ ತೆರೆಯಿತು. "ಕತ್ತೆಕಿವಿ ಇನ್ನೆಷ್ಟು ದೂರ?"

ಕನ್ನಡಿಯಲ್ಲಿ ನೋಡಿದೆ. ಅದು ನಮ್ಮ ಹಿಂದೆ, ಎರಡು ತಿರುವಿನಷ್ಟು ಕೆಳಗೆ, ಬಿಸಿಲು ಕಾಯಿಸುತ್ತ ಮಲಗಿತ್ತು. ಇದೂ ಕನಸೇನೋ ಎಂದು ಡೀಸೆಲ್ ಮುಳ್ಳು ನೋಡಿದೆ. ಮುಳ್ಳು ಸೊನ್ನೆಯ ಮೇಲೆಯೇ ಇತ್ತು.

ನೆತ್ತಿಯಲ್ಲಿ ಇಳಿದು ಬಾವುಟ ಕಟ್ಟಿದೆವು. ದೇವರಿಗೆ ಜಯವಾಗಲಿ ಎಂದು ನಾನು ಕೂಗಿದ ಕೂಗು ಟಿಬೆಟ್ಟಿನ ತನಕ ಕೇಳಿಸಿತು. ಪಲ್ಜೆಸ್ ಸೀಟಿಗೆ ಹತ್ತಿ, ಅದರ ಕೆಳಗೆ ಕೈ ಹಾಕಿ, ಎಣ್ಣೆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದನ್ನ ತೆಗೆದಿಡು ಅಂತ ಎಷ್ಟು ಸಲ ಹೇಳ್ಲಿ?"

ಗೇರ್ ಹಾಕಿದೆ. ಮೊಣಕಾಲು ಸುಮ್ಮನಿದ್ದವು.