ಗೋಡೆ ದಾಟದ ಬೆಳಕು

ನನ್ನ ದನಿ ಎರಡು ಕುರ್ಚಿಗಳಾಚೆ ತಲುಪುವುದಿಲ್ಲ ಎಂದು ಆ ಬೆಳಿಗ್ಗೆ ದಿನಚರಿಯಲ್ಲಿ ಬರೆದುಕೊಂಡಿದ್ದೆ. ಬರೆಯುವಾಗಲೂ ಎಡಗೈ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿತ್ತು. ಮಾತಾಡಲು ಅಳುಕಾದಾಗಲೆಲ್ಲ ಹಾಗೆ ಸುತ್ತುವುದು ನನ್ನ ಹಳೆಯ ಚಾಳಿ.

ಪದವಿ ಮುಗಿಸಿ ಊರಿನ ವಾಚನಾಲಯಕ್ಕೆ ಕೆಲಸಕ್ಕೆ ಸೇರಿದ್ದೆ. ಅಲ್ಲಿ ವಾರಕ್ಕೊಂದು ಸಂಜೆ ಯಾರಾದರೂ ಕತೆ ಓದುತ್ತಿದ್ದರು. ಕಿವಿ ಮಂದವಾದವರಿಗೆಂದು ಕಾರ್ಯದರ್ಶಿ ಪುಟ್ಟವೀರಯ್ಯನವರು ಹೊಸ ಸಾಧನವೊಂದನ್ನು ಪರೀಕ್ಷೆಗೆ ತರಿಸಿದ್ದರು. ಮೈಕಿನ ದನಿ ಗೋಡೆಯ ಮೇಲಿನ ಎರಡು ಫಲಕಗಳಿಂದ ಕಣ್ಣಿಗೆ ಕಾಣದ ಬೆಳಕಾಗಿ ಕೋಣೆಯಲ್ಲೆಲ್ಲ ಹರಡುತ್ತಿತ್ತು. ಕೇಳುವವರ ಕೊರಳಲ್ಲಿ ತೂಗುವ ಪುಟ್ಟ ಡಬ್ಬಿ ಅದನ್ನು ಹಿಡಿದು ಮತ್ತೆ ದನಿಯಾಗಿಸಿ ಕಿವಿಗೆ ಕೊಡುತ್ತಿತ್ತು. ಬೆಳಕು ಸಿಕ್ಕರೆ ಡಬ್ಬಿಯ ಮೇಲೊಂದು ಹಸಿರು ಚುಕ್ಕಿ ಹೊತ್ತಿಕೊಳ್ಳುತ್ತಿತ್ತು. ರೇಡಿಯೊ ಅಲೆಯ ಹಾಗೆ ಅದು ಗೋಡೆ ದಾಟುವುದಿಲ್ಲ, ಕೋಣೆಯೊಳಗೇ ಉಳಿಯುತ್ತದೆ. ನನ್ನದೇ ಸ್ವಭಾವ ಅನ್ನಿಸಿ ಅದರ ಮೇಲೆ ಅಕ್ಕರೆ ಹುಟ್ಟಿತ್ತು. ಜೋಡಣೆಯೆಲ್ಲ ನನ್ನ ಕೈಯದೇ.

ನಂಜಾಂಬಜ್ಜಿ ಒಂದು ಕಾಲಕ್ಕೆ ವಾರ ತಪ್ಪದೆ ಬರುತ್ತಿದ್ದವರು, ಕಿವಿ ಕೈಕೊಟ್ಟ ಮೇಲೆ ನಿಲ್ಲಿಸಿಬಿಟ್ಟಿದ್ದರು. ಅಂದು ಸಂಜೆ ಈ ಡಬ್ಬಿಯನ್ನು ನಂಬಿ ಬಂದು ಕೊನೆಯ ಸಾಲಿನಲ್ಲಿ ಕೂತರು. ಓದು ಶುರುವಾಗಿ ಸ್ವಲ್ಪ ಹೊತ್ತಿಗೆ, ಸೊರ್ ಅನ್ನೋ ಸದ್ದು ಬಿಟ್ಟು ಬೇರೇನೂ ಇಲ್ಲ ಎಂದು ತಲೆಯಾಡಿಸಿದರು. ಓದು ಅರ್ಧಕ್ಕೆ ನಿಂತಿತು. ಇವರಿಗೇ ಕೇಳಿಸದಿದ್ದರೆ ಸಾಧನವನ್ನು ನಾಳೆಯೇ ವಾಪಸ್ಸು ಕಳಿಸೋಣ ಎಂದರು ಪುಟ್ಟವೀರಯ್ಯ. ಅಜ್ಜಿ ಚೀಲ ಎತ್ತಿಕೊಂಡರು. ಇನ್ನು ಅವರು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಕೆಟ್ಟದ್ದು ಯಂತ್ರವಲ್ಲ, ಬೆಳಕಿಗೆ ಬಟ್ಟೆ ಅಡ್ಡವಾಗಿತ್ತು. ಡಬ್ಬಿ ತೊಡಿಸಿದೊಡನೆ ಅಜ್ಜಿ ಅದರ ಮೇಲೆ ಸೆರಗನ್ನು ದಪ್ಪಗೆ ಹೊದ್ದುಕೊಂಡದ್ದನ್ನು ನೋಡಿದ್ದೆ. ಆದರೆ ಅಷ್ಟು ಜನರೆದುರು ಹಿರಿಯರಿಗೆ ಸೆರಗು ಸರಿಸಿ ಅನ್ನುವುದು ಹೇಗೆ? ದುಪಟ್ಟಾ ಬೆರಳು ಬಿಗಿಯುವಷ್ಟು ಸುತ್ತಿಕೊಂಡಿತ್ತು.

ಕಡೆಗೆ ಪಕ್ಕದಲ್ಲಿ ಕೂತು, ಕಿವಿಗೆ ಬಾಯಿಟ್ಟು, ಯಾಕೆ ಮುಚ್ಚಿಕೊಂಡಿರಿ ಎಂದು ಕೇಳಿದೆ.

"ಕೊರಳಿಗೆ ಗಂಟೆ ಕಟ್ಟಿದ ಎಮ್ಮೆ ಹಂಗೆ ಕಾಣ್ತೀನಿ ಕಣೇ. ಎಲ್ರೂ ನನ್ನೇ ನೋಡ್ತಾರೆ."

ನಾನು ಇನ್ನೊಂದು ಡಬ್ಬಿ ತಂದು, ಎಲ್ಲರಿಗೂ ಕಾಣುವಂತೆ ದುಪಟ್ಟಾದ ಮೇಲೆಯೇ ಹಾಕಿಕೊಂಡೆ.

"ಓ, ನೀನೂ ಎಮ್ಮೇನಾ?" ಅಜ್ಜಿ ನಕ್ಕು ಸೆರಗು ಸರಿಸಿದರು. ಹಸಿರು ಚುಕ್ಕಿ ಹೊತ್ತಿಕೊಂಡಿತು.

ಏನಾದರೂ ಮಾತಾಡಮ್ಮ, ನೋಡೋಣ ಎಂದು ಪುಟ್ಟವೀರಯ್ಯ ಮೈಕಿನತ್ತ ಕೈ ತೋರಿಸಿದರು. ಅದುವರೆಗೆ ಮೈಕಿನ ಮುಂದೆ ಒಂದು, ಎರಡು, ಮೂರು ಎಂದದ್ದು ಬಿಟ್ಟರೆ ನಾನು ಬೇರೇನೂ ಆಡಿದವಳಲ್ಲ. ಹೋಗಿ ಅದರ ಮುಂದೆ ನಿಂತೆ. ಕೋಣೆಯೆಲ್ಲ ನನ್ನ ಕಡೆ ತಿರುಗಿತು.

"ಅಜ್ಜಿ," ಎಂದೆ, "ಎಲ್ರೂ ನೋಡ್ತಾರಲ್ಲ, ನಂಗೂ ಅದೇ ಭಯ."

ಕೇಳಿಸಿತು ಎಂಬಂತೆ ಕೊನೆಯ ಸಾಲಿನಲ್ಲಿ ಅಜ್ಜಿಯ ಕೈ ಮೇಲೆದ್ದಿತು. ನನ್ನ ದುಪಟ್ಟಾದ ಅಂಚು, ಸುಕ್ಕುಸುಕ್ಕಾಗಿ, ಬೆರಳು ಬಿಟ್ಟು ತೂಗುತ್ತಿತ್ತು.