ಸಿಂಚನಾಳ ಒಪ್ಪತ್ತು

ನಜರ್‌ಬಾದಿನ ಪಿಯು ಕಾಲೇಜೊಂದರ ಲೈಬ್ರರಿ ನೋಡಿಕೊಳ್ಳುವ ಸುಂದರಮ್ಮನವರಿಗೆ ಸಿಂಚನಾ ಎಂದರೆ ವಿಶೇಷ ಪ್ರೀತಿ. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಹುಡುಗಿ. ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಡಬ್ಬಿ ಬಿಚ್ಚಿದರೆ ಇವಳು ಪುಸ್ತಕ ಬಿಚ್ಚುತ್ತಾಳೆ. ಕೇಳಿದ್ದಕ್ಕೆ, "ಶುಕ್ರವಾರ ಅಲ್ವಾ ಮೇಡಂ, ಲಕ್ಷ್ಮಿಗೆ ಒಪ್ಪತ್ತು" ಎಂದಿದ್ದಳು. ಶನಿವಾರ ಹನುಮಂತನಿಗೆ, ಸೋಮವಾರ ಶಿವನಿಗೆ.

"ಶ್ರಾವಣ ಮಾಡಿದ್ರೆ ಹಿಂಗೆ ಮಾಡ್ಬೇಕು ಕಣ್ರೀ!" ಎಂದು ಸುಂದರಮ್ಮ ಸ್ಟಾಫ್ ರೂಮಿನಲ್ಲೆಲ್ಲ ಹೊಗಳಿಕೊಂಡು ಬಂದರು. ಮಂಗಳವಾರ ಗೆಳತಿಯೊಬ್ಬಳು ಚಪಾತಿ ಮುರಿದು ಸಿಂಚನಾಳ ಮುಂದೆ ಹಿಡಿದಾಗ ಅವರೇ ಗದರಿಬಿಟ್ಟರು. "ಮಾರಮ್ಮನ ಒಪ್ಪತ್ತು ಕಣೇ ಅವಳದ್ದು, ಕೆಡಿಸ್ಬೇಡ, ತೆಗಿ ಆ ಕಡೆ!"

ಬುಧವಾರ ತಾವೇ ಖುಷಿಯಾಗಿ ಕರೆದರು. "ಬಾರೇ, ಇವತ್ತು ಯಾವ ದೇವರ ಸರದೀನೂ ಅಲ್ಲ. ಡಬ್ಬಿ ತಗೊಂಬಾ, ಒಟ್ಟಿಗೆ ಊಟ ಮಾಡೋಣ."

ಹುಡುಗಿ ಕಂಗಾಲಾದಳು. "ಬುಧವಾರಕ್ಕೆ ಯಾವ ದೇವ್ರೂ ಇಲ್ವಾ ಮೇಡಂ?"

"ಯಾಕೇ?"

"ಹೈಸ್ಕೂಲಲ್ಲಿ ಬಿಸಿಯೂಟ ಕೊಡೋರು. ಇಲ್ಲಿ ಇಲ್ವಲ್ಲ. ಮನೇಲಿ ರಾತ್ರಿ ಮಾತ್ರ ಒಲೆ ಹಚ್ಚೋದು."

ನಿನ್ನೆ ಚಪಾತಿ ಹಿಂದಕ್ಕೆ ಹೋದಾಗ ಈ ಹುಡುಗಿ ಉಗುಳು ನುಂಗಿದ್ದನ್ನು ಸುಂದರಮ್ಮ ಕಣ್ಣಾರೆ ಕಂಡಿದ್ದರು. ಅದನ್ನೂ ಭಕ್ತಿ ಎಂದುಕೊಂಡಿದ್ದರು.

ತಮ್ಮ ಡಬ್ಬಿಯನ್ನೇ ಅವಳ ಕಡೆ ಸರಿಸಿದರು. "ತಿನ್ನು ಮಗಳೇ. ತಪ್ಪಾಯ್ತು ನಂದು."

ಸಿಂಚನಾ ಅನ್ನದ ಮೇಲೆ ನೆಟ್ಟಿದ್ದ ನೋಟ ಕಿತ್ತಳು.

"ಬ್ಯಾಡ ಮೇಡಂ. ಈಗೀಗ ಅಭ್ಯಾಸ ಆಗ್ತಾ ಐತೆ. ಇವತ್ತು ತಿಂದ್ಬುಟ್ರೆ ನಾಳೆ ತಡಕೊಳ್ಳಕ್ಕಾಗಲ್ಲ."